ದರಕಿನ ಬೆಂಕಿಯೂ ಪಂಚಾಯತಿಯ ನಿಯಮವೂ

ಮಳೆಗಾಲ ಕಳೆದು, ಗದ್ದೆಯ ಕೊಯ್ಲು ಮುಗಿದು, ಅಡಿಕೆ ಸುಲಿಯುವ ಕೆಲಸವೂ ಒಂದು ಹಂತಕ್ಕೆ ಬಂದ ಮೇಲೆ ನಮ್ಮ ಶರಾವತಿ ಕಣಿವೆಯಲ್ಲಿ ಇನ್ನೊಂದು ಕೆಲಸ ಆರಂಭವಾಗುತ್ತದೆ. ಅದು ಸುಡುವ ಕೆಲಸ. ಅಂಗಳದ ದರಕನ್ನು ಗುಡಿಸಿ ಸುಡುವುದು, ತೋಟದ ಅಂಚಿನ ಕಸವನ್ನು ಸುಡುವುದು, ಬೆಟ್ಟದ ಒಣಹುಲ್ಲಿಗೆ ಕಿಡಿ ತಾಗಿಸುವುದು, ಅಂಗಡಿಯ ಮುಂದಿನ ರಟ್ಟು, ಪ್ಲಾಸ್ಟಿಕ್ಕುಗಳನ್ನು ಸಂಜೆ ಒಟ್ಟುಮಾಡಿ ಸುಡುವುದು, ಹೀಗೆ ಡಿಸೆಂಬರಿನಿಂದ ಮೇ ತಿಂಗಳ ಕೊನೆಯವರೆಗೆ ಗೇರುಸೊಪ್ಪದಿಂದ ಹೊನ್ನಾವರದ ಅಳಿವೆಯವರೆಗೆ ಹೊಳೆಯ ಎರಡೂ ದಂಡೆಗಳಲ್ಲಿ ಒಂದಲ್ಲ ಒಂದು ಕಡೆ ಹೊಗೆ ಏಳುತ್ತಲೇ ಇರುತ್ತದೆ. ಬೆಳಗಿನ ಹೊತ್ತು ಮಂಜೂ ಹೊಗೆಯೂ ಒಂದಾಗಿ ಕಣಿವೆಯ ತಳದಲ್ಲಿ ನಿಂತುಬಿಡುತ್ತವೆ. ಎರಡೂ ಕಡೆ ಗುಡ್ಡಗಳಿರುವುದರಿಂದ ಗಾಳಿ ಏಳುವವರೆಗೆ ಅವು ಕದಲುವುದಿಲ್ಲ. ಈ ಹೊಗೆಯ ಕುರಿತಾಗಿ ಸರ್ಕಾರದ ನಿಯಮಗಳು ಏನು ಹೇಳುತ್ತವೆ, ಅವುಗಳಲ್ಲಿ ಯಾವುದು ನ್ಯಾಯ, ಯಾವುದು ಬರಿಯ ಬೆದರಿಕೆ, ನಮ್ಮ ಕುಟುಂಬಗಳು ಏನು ಮಾಡಬೇಕು ಎಂಬುದನ್ನು ಈ ವಾರ ವಿಚಾರಿಸೋಣವೆಂದು ನಮ್ಮ ಉದ್ದೇಶ.

ಗೇರುಸೊಪ್ಪವೆಂಬ ಹೆಸರೇ ಎಲೆಯಿಂದ ಬಂದದ್ದು. ಶಾಸನಗಳಲ್ಲಿ ಈ ಊರಿಗೆ ಕ್ಷೇಮಪುರ, ಭಲ್ಲಾತಕೀಪುರ ಎಂಬ ಹೆಸರುಗಳುಂಟು. ಭಲ್ಲಾತಕವೆಂದರೆ ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಾಡುಗೇರು. ಪೋರ್ತುಗೀಜರು ಅಮೆರಿಕದಿಂದ ತಂದ ಗೋಡಂಬಿಯ ಮರಕ್ಕೆ ನಮ್ಮ ಜನ ಅದೇ ಹೆಸರನ್ನು ದಾಟಿಸಿದರು. ಎಲೆಯನ್ನೇ ಹೆಸರಾಗಿ ಹೊತ್ತ ಊರಿನಲ್ಲಿ ಇಂದು ಎಲೆಯನ್ನು ಸುಡಬೇಕೋ ಬಾರದೋ ಎಂಬ ವಾದ ನಡೆಯುತ್ತಿರುವುದು ವಿನೋದವಾಗಿ ಕಂಡೀತು. ಆದರೆ ವಿಷಯ ವಿನೋದದ್ದಲ್ಲ.

ಸುಡುವುದನ್ನು ನಿಷೇಧಿಸುವ ಒಂದೇ ಒಂದು ಕಾಯ್ದೆ ಇದೆಯೆಂದು ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕಾಗಿ ಮಾಡಿದ ನಾಲ್ಕಾರು ಕಾಯ್ದೆಗಳು ನಮ್ಮ ಅಂಗಳದ ಬೆಂಕಿಯ ಸುತ್ತ ನಿಂತಿವೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯ 24ನೆಯ ಕಲಮು ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಚ್ಚುವುದನ್ನೂ ಅರಣ್ಯಕ್ಕೆ ಅಪಾಯವಾಗುವಂತೆ ಬೆಂಕಿಯನ್ನು ಉರಿಯಬಿಟ್ಟು ಹೋಗುವುದನ್ನೂ ಅಪರಾಧವೆನ್ನುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೆಯ ಕಲಮು ಅಭಯಾರಣ್ಯದೊಳಗೆ ಅದನ್ನೇ ಹೇಳುತ್ತದೆ. 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯವನ್ನು ಸಿಂಗಳೀಕಗಳ ರಕ್ಷಣೆಗಾಗಿ ವಿಸ್ತರಿಸಿದ ಮೇಲೆ ನಮ್ಮ ಸುತ್ತಮುತ್ತಲಿನ ಬಹಳಷ್ಟು ಕಾಡು ಈ ಕಲಮಿನ ಕೆಳಗೆ ಬಂದಿದೆ. 1981ರ ವಾಯುಮಾಲಿನ್ಯ ಕಾಯ್ದೆಯ 19ನೆಯ ಕಲಮು, ಇಂಧನವಲ್ಲದ ವಸ್ತುಗಳನ್ನು ಸುಡುವುದನ್ನು ನಿಷೇಧಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಡುತ್ತದೆ. ಅಜಾಗರೂಕತೆಯಿಂದ ಬೆಂಕಿ ಬಳಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಮೊದಲು ದಂಡಸಂಹಿತೆಯ 285ನೆಯ ಕಲಮು ಇತ್ತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯ 287ನೆಯ ಕಲಮು ಬಂದಿದೆ.

ಇನ್ನು ಕಸದ ಮಾತು. 2000ದಲ್ಲಿ ಬಂದ ಪೌರ ಘನತ್ಯಾಜ್ಯ ನಿಯಮಗಳು ಕಸವನ್ನೂ ಒಣ ಎಲೆಗಳನ್ನೂ ಸುಡಬಾರದೆಂದು ಸ್ಪಷ್ಟವಾಗಿ ಬರೆದವು. ಆ ನಿಯಮಗಳು ಸುಮ್ಮನೆ ಬಂದವಲ್ಲ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಎಂಬ ಮಹಿಳೆ 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಮೊಕದ್ದಮೆಯ ಫಲವಾಗಿ ಬಂದವು. 2016ರಲ್ಲಿ ಅವು ಪರಿಷ್ಕೃತವಾಗಿ, ತ್ಯಾಜ್ಯವನ್ನು ಉಂಟುಮಾಡುವ ಯಾರೂ ಅದನ್ನು ಬೀದಿಯಲ್ಲಿ, ಸಾರ್ವಜನಿಕ ಬಯಲಿನಲ್ಲಿ, ಚರಂಡಿಯಲ್ಲಿ, ನೀರಿನಲ್ಲಿ ಎಸೆಯುವಂತಿಲ್ಲ, ಸುಡುವಂತಿಲ್ಲ, ಹೂಳುವಂತಿಲ್ಲ ಎಂದು ವಿಧಿಸಲಾಯಿತು. ಅದೇ ವರ್ಷ ಡಿಸೆಂಬರ್ 22ರಂದು, ಅದೇ ಅಲ್ಮಿತ್ರಾ ಪಟೇಲರ ಮೊಕದ್ದಮೆಯಲ್ಲಿ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಬಯಲಿನಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ಪೂರ್ಣವಾಗಿ ನಿಷೇಧಿಸಿತು. ಸಾಮಾನ್ಯವಾಗಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಪರಿಹಾರ ತೆರಬೇಕು. 2026ರಲ್ಲಿ ಮತ್ತೆ ಹೊಸ ನಿಯಮಗಳು ಬಂದಿವೆ. ಮನೆಯ ಕಸವನ್ನು ಎರಡೋ ಮೂರೋ ಅಲ್ಲ, ನಾಲ್ಕಾಗಿ ವಿಂಗಡಿಸಬೇಕೆಂಬುದು ಅವುಗಳ ಅಪೇಕ್ಷೆ.

ಇಲ್ಲಿ ಓದುಗರು ಒಂದು ಸೂಕ್ಷ್ಮವನ್ನು ಗಮನಿಸಬೇಕು. 2000ದ ನಿಯಮಗಳು ಹೆಸರೇ ಹೇಳುವಂತೆ ಪಟ್ಟಣಗಳಿಗಾಗಿ ಬರೆದವು. 2016ರ ನಿಯಮಗಳ ಕಣ್ಣೂ ಮುಖ್ಯವಾಗಿ ಪಟ್ಟಣಗಳ ಮೇಲೆ, ಪಟ್ಟಣದಂತೆ ಬೆಳೆದ ಊರುಗಳ ಮೇಲೆ ನೆಟ್ಟಿತ್ತು. ಕುಮಟಾ ಪುರಸಭೆ, ಹೊನ್ನಾವರ ಪಟ್ಟಣ ಪಂಚಾಯತಿ ಇವುಗಳಿಗೆ ಕರ್ತವ್ಯಗಳ ಉದ್ದನೆಯ ಪಟ್ಟಿ ಸಿಕ್ಕಿತು. ಗೇರುಸೊಪ್ಪದಂಥ ಹಳ್ಳಿಗೆ ಸಿಕ್ಕಿದ್ದು ಹೆಚ್ಚಾಗಿ ನಿಷೇಧದ ಸುದ್ದಿ ಮಾತ್ರ. ಸುಡಬೇಡಿ ಎಂಬ ಮಾತು ಘಟ್ಟದ ಬುಡವನ್ನು ಬೇಗನೆ ಮುಟ್ಟಿತು. ಸುಡದೆ ಏನು ಮಾಡಬೇಕೆಂಬ ವ್ಯವಸ್ಥೆ ಬಹಳ ತಡವಾಗಿ ಬಂತು. ಈ ಅಂತರದಲ್ಲಿಯೇ ನಮ್ಮ ಜನರ ಸಿಟ್ಟು ಹುಟ್ಟಿದೆಯೆಂದು ನಾವು ಭಾವಿಸುತ್ತೇವೆ.

ಸಿಟ್ಟಿಗೆ ಹಳೆಯ ಬೇರೂ ಇದೆ. ಈ ಜಿಲ್ಲೆಯಲ್ಲಿ ಬೆಂಕಿಯ ನಿಯಮಗಳು ಹೊಸತಲ್ಲ. ಕಾಡನ್ನು ಕಡಿದು, ಒಣಗಿಸಿ, ಸುಟ್ಟು, ಆ ಬೂದಿಯಲ್ಲಿ ರಾಗಿ ಬಿತ್ತುವ ಕುಮ್ರಿ ಬೇಸಾಯ ಒಂದು ಕಾಲಕ್ಕೆ ಇಡೀ ಕನ್ನಡ ಜಿಲ್ಲೆಯ ಘಟ್ಟದ ತಪ್ಪಲಿನಲ್ಲಿ ನಡೆಯುತ್ತಿತ್ತು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಹಡಗಿಗೂ ರೈಲು ಹಾದಿಗೂ ಮರ ಬೇಕಾದಾಗ ಇಂಗ್ಲಿಷರಿಗೆ ಕುಮ್ರಿ ಕಣ್ಣಿನ ಕಸವಾಯಿತು. 19ನೆಯ ಶತಮಾನದ ನಡುವಿನಿಂದ ಅದರ ಮೇಲೆ ನಿರ್ಬಂಧಗಳು ಬಿದ್ದವು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ ಮೇಲೆ ನಿರ್ಬಂಧ ಇನ್ನೂ ಬಿಗಿಯಾಯಿತು. ಮರ ಕಡಿದು ಸಾಗಿಸಿದವರು ಕಾಡಿನ ರಕ್ಷಕರೆನಿಸಿದರು. ಒಂದು ತುಂಡು ಬೆಟ್ಟದಲ್ಲಿ ರಾಗಿ ಬೆಳೆದವರು ಕಾಡಿನ ವೈರಿಗಳೆನಿಸಿದರು. 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿ ಇನ್ನೊಂದು ಮಾತಿತ್ತು. ಬೇಕೆಂದೇ ಅಥವಾ ಘೋರ ಅಲಕ್ಷ್ಯದಿಂದ ಕಾಡಿಗೆ ಬೆಂಕಿ ಬಿದ್ದರೆ, ಆ ಭಾಗದಲ್ಲಿ ಮೇವಿನ ಹಕ್ಕನ್ನೂ ಅರಣ್ಯೋತ್ಪನ್ನದ ಹಕ್ಕನ್ನೂ ಸರ್ಕಾರ ಅಮಾನತಿನಲ್ಲಿಡಬಹುದಿತ್ತು. ಅಂದರೆ ಕಿಡಿ ಹಾಕಿದವನೊಬ್ಬ, ದನ ಉಪವಾಸ ಬೀಳುವುದು ಊರಿನವರೆಲ್ಲರದು. ಅರಣ್ಯದ ಕಾವಲುಗಾರ ಅಂಗಳಕ್ಕೆ ಬಂದರೆ ನಮ್ಮ ಹಿರಿಯರು ಮಾತು ನಿಲ್ಲಿಸುತ್ತಿದ್ದುದಕ್ಕೆ ಇಂಥ ಕಲಮುಗಳು ಕಾರಣ. ಸಂಶಯ ಮೂರು ತಲೆಮಾರು ಇಳಿದು ಬಂದಿದೆ. ಇಂದಿನ ಅಧಿಕಾರಿಗಳು ಇದನ್ನು ಮರೆತು ಮಾತನಾಡಬಾರದು.

ಆದರೂ ಕಾಡಿನ ಅಂಚಿನ ಬೆಂಕಿಯನ್ನು ನಾವು ಸಮರ್ಥಿಸುವುದಿಲ್ಲ. ಕಾರಣ ಗೇರುಸೊಪ್ಪದಲ್ಲಿಯೇ ಇದೆ. 16ನೆಯ ಶತಮಾನದಲ್ಲಿ ಚೆನ್ನಭೈರಾದೇವಿ ಆಳಿದ, ಕಾಳುಮೆಣಸಿನ ವ್ಯಾಪಾರದಿಂದ ಮೆರೆದ ನಗರ ಅದು. 1623ರಲ್ಲಿ ಗೋವೆಯಿಂದ ಇಕ್ಕೇರಿಯ ವೆಂಕಟಪ್ಪನಾಯಕನ ಬಳಿಗೆ ಹೊರಟ ನಿಯೋಗದೊಂದಿಗೆ ರೋಮಿನ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ಈ ಹೊಳೆಯನ್ನೇರಿ ಬಂದಾಗ ನಗರ ಹಾಳಾಗಿ, ಅರಮನೆಯ ಜಾಗದಲ್ಲಿ ಮರಗಳು ಬೆಳೆದಿದ್ದವು. ಹೊಳೆಯ ಚೆಲುವನ್ನು ಅವನು ಬಾಯ್ತುಂಬ ಹೊಗಳಿದ್ದಾನೆ. ನಗರಬಸ್ತಿಕೇರಿಯ ಚತುರ್ಮುಖ ಬಸದಿಗೆ ಹೋದವರಿಗೆ ಇಂದಿಗೂ ಅದೇ ನೋಟ. ಮನುಷ್ಯ ಬಿಟ್ಟುಹೋದ ಜಾಗವನ್ನು ನಮ್ಮ ಮಳೆ ನಿತ್ಯಹರಿದ್ವರ್ಣ ಕಾಡಾಗಿ ಮಾಡಿಕೊಡುತ್ತದೆ, ಒಂದೇ ಒಂದು ಷರತ್ತಿನ ಮೇಲೆ: ಅಲ್ಲಿ ಬೆಂಕಿ ಬೀಳಬಾರದು. ಈ ಕಾಡಿನ ಮರಗಳ ತೊಗಟೆ ತೆಳು. ಬೀಜಗಳು ನೆರಳಿನ ತೇವದಲ್ಲಿ ಮೊಳೆಯುವಂಥವು. ವರ್ಷ ಬಿಟ್ಟು ವರ್ಷ ಸುಟ್ಟರೆ ಅವು ಹಿಂದೆ ಸರಿದು, ಹುಲ್ಲೂ ಕುರುಚಲೂ ಮುಂದೆ ಬರುತ್ತವೆ. ನಮ್ಮ ಕರಾವಳಿಯ ಬೋಳುಗುಡ್ಡಗಳಲ್ಲಿ ಎಷ್ಟೋ ಹೀಗೆಯೇ ಆದವು.

ಎಲ್ಲ ಕಾಡಿಗೂ ಇದೇ ಮಾತು ಅನ್ವಯಿಸುತ್ತದೆಯೆಂದು ನಾವು ಹೇಳುವುದಿಲ್ಲ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ‘ತರಗು ಬೆಂಕಿ’ಯೆಂದು ಕರೆಯುವ ಒಂದು ರೂಢಿಯಿತ್ತು. ಬೇಸಿಗೆ ಕಾವೇರುವ ಮೊದಲೇ ನೆಲದ ತರಗೆಲೆಯನ್ನಷ್ಟೇ ತೆಳುವಾಗಿ ಸುಡುವುದು. 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಬೆಂಕಿ ನಿಂತದ್ದರಿಂದಲೇ ಲಂಟಾನ ಕಾಡನ್ನೆಲ್ಲ ನುಂಗಿತು, ಈಗ ಬೆಂಕಿ ಬಿದ್ದರೆ ಮರದ ತುದಿಯವರೆಗೆ ಏರುತ್ತದೆ ಎಂದು ಸೋಲಿಗರು ಹೇಳುತ್ತ ಬಂದಿದ್ದಾರೆ. ಸಂಶೋಧಕರೂ ಆ ಮಾತಿಗೆ ಕಿವಿಗೊಟ್ಟಿದ್ದಾರೆ. ಅದು ಒಣ ಎಲೆಯುದುರುವ ಕಾಡು, ಅಲ್ಲಿನ ಅನುಭವ ಅಲ್ಲಿನದು. ಘಟ್ಟದ ಈ ಬದಿಯ ಒದ್ದೆ ಕಾಡಿಗೆ ಅದನ್ನು ತಂದು ಹೊಂದಿಸುವುದು ಸರಿಯಲ್ಲ. ಒಂದೇ ನಿಯಮವನ್ನು ಬೀದರಿನಿಂದ ಭಟ್ಕಳದವರೆಗೆ ಹಾಸುವ ಅಭ್ಯಾಸವನ್ನು ಸರ್ಕಾರ ಬಿಡಬೇಕೆಂಬುದಕ್ಕೆ ಮಾತ್ರ ಇದು ಒಳ್ಳೆಯ ಉದಾಹರಣೆ.

ನಮ್ಮ ಕಡೆ ಅಪಾಯವನ್ನು ಹೆಚ್ಚಿಸಿದ್ದು ಅಕೇಸಿಯ. 1980ರ ದಶಕದಿಂದ ಬೋಳುಗುಡ್ಡಗಳಿಗೆ ಹಸಿರು ಹೊದಿಸಲು ನೆಟ್ಟ ಈ ಮರದ ಎಲೆ ಬೇಗ ಕೊಳೆಯುವುದಿಲ್ಲ. ದಪ್ಪ ಹಾಸಿಗೆಯಾಗಿ ಬಿದ್ದಿರುತ್ತದೆ. ಹೊನ್ನಾವರದಿಂದ ಸಾಗರದ ಕಡೆಗೆ ಗೇರುಸೊಪ್ಪ ಘಟ್ಟವನ್ನೇರುವ ಹೆದ್ದಾರಿಯಲ್ಲಿ ಯಾರೋ ಎಸೆದ ಬೀಡಿಯ ತುಂಡು ಸಾಕು. ಅಂಥ ಗುಡ್ಡದ ಪಕ್ಕದಲ್ಲಿ, ಮಧ್ಯಾಹ್ನದ ಗಾಳಿಯಲ್ಲಿ, ನೀರಿನ ಕೊಡವೊಂದನ್ನೂ ಇಟ್ಟುಕೊಳ್ಳದೆ ಸೊಪ್ಪಿನ ಬೆಟ್ಟದ ಕಸಕ್ಕೆ ಬೆಂಕಿಯಿಡುವವರನ್ನು ಏನೆನ್ನಬೇಕು? ಈಗ ಆಕಾಶದ ಉಪಗ್ರಹವೂ ನೋಡುತ್ತಿದೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದ ಉಪಗ್ರಹದ ಸಹಾಯದಿಂದ ಕಾಡುಬೆಂಕಿಯನ್ನು ಗುರುತಿಸಿ ರಾಜ್ಯಗಳ ಅರಣ್ಯ ಇಲಾಖೆಗಳಿಗೆ ತಿಳಿಸುತ್ತಿದೆ. ಯಾರೂ ನೋಡಲಿಲ್ಲವೆಂಬ ಧೈರ್ಯ ಇನ್ನು ಮುಂದೆ ನಡೆಯದು.

ಬೆಂಕಿ ಹಾಕಿದರೆ ಉಣುಗು ಸಾಯುತ್ತದೆ, ಮಂಗನ ಕಾಯಿಲೆ ಬರುವುದಿಲ್ಲ ಎಂಬ ಮಾತನ್ನೂ ಕೇಳುತ್ತೇವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಘಟ್ಟವಿಳಿದು ನಮ್ಮ ತಾಲ್ಲೂಕಿನಲ್ಲಿಯೂ ಕಾಣಿಸಿಕೊಂಡಿರುವುದರಿಂದ ಭಯ ಸಹಜ. ಆದರೆ ಅಂಗಳದಲ್ಲಿ ಒಂದು ಗುಡ್ಡೆ ಸುಟ್ಟಮಾತ್ರಕ್ಕೆ ಕಾಡಿನ ಉಣುಗು ಮುಗಿಯುವುದಿಲ್ಲ. ಮಂಗ ಮತ್ತು ದನಗಳ ಮೈಮೇಲೆ ಅದು ಮರಳಿ ಬರುತ್ತದೆ. ದರಕು ತರಲು ಬೆಟ್ಟಕ್ಕೆ ಹೋಗುವವರು ಮೈಮುಚ್ಚುವ ಬಟ್ಟೆ ತೊಡುವುದು, ಆರೋಗ್ಯ ಇಲಾಖೆಯವರು ಕೊಡುವ ತೈಲವನ್ನು ಹಚ್ಚಿಕೊಳ್ಳುವುದು, ಬಂದೊಡನೆ ಬಿಸಿನೀರಿನಲ್ಲಿ ಮೀಯುವುದು, ಸತ್ತ ಮಂಗ ಕಂಡರೆ ಮುಟ್ಟದೆ ಕೂಡಲೇ ಸುದ್ದಿ ಮುಟ್ಟಿಸುವುದು ಇವುಗಳಿಂದಲೇ ರಕ್ಷಣೆ.

ಕೃಷಿಯ ಬೆಂಕಿಯ ವಿಷಯದಲ್ಲಿ ನಮ್ಮ ಅಭಿಪ್ರಾಯ ಬೇರೆ. ಕರಾವಳಿಯ ಸುಡುಮಣ್ಣನ್ನು ಕಸದ ಬೆಂಕಿಯೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ದರಕು, ಕಡ್ಡಿ, ಒಣ ಸಗಣಿಗಳ ಮೇಲೆ ಮಣ್ಣು ಮುಚ್ಚಿ ಒಳಗೊಳಗೆ ಬೇಯಿಸಿದ ಆ ಮಣ್ಣು ತರಕಾರಿಯ ಮಡಿಗೂ ಮಲ್ಲಿಗೆಯ ಬುಡಕ್ಕೂ ಎಷ್ಟು ಹಿತವೆಂಬುದನ್ನು ಭಟ್ಕಳದ ಮಲ್ಲಿಗೆ ಬೆಳೆಯುವ ಹೆಂಗಸರು ಯಾವ ಪುಸ್ತಕವನ್ನೂ ಓದದೆ ಬಲ್ಲರು. ಪೊಟ್ಯಾಷ್ ದೊರೆಯುತ್ತದೆ, ಕಳೆಯ ಬೀಜ ಸಾಯುತ್ತದೆ. ಎಲೆಯಲ್ಲಿದ್ದ ಸಾರಜನಕ ಮಾತ್ರ ಹೊಗೆಯಾಗಿ ಹೋಗುತ್ತದೆ; ಅದನ್ನು ಮತ್ತೆ ಯೂರಿಯಾ ಚೀಲದಲ್ಲಿ ಹಣಕೊಟ್ಟು ತರುತ್ತೇವೆ. ಆದ್ದರಿಂದ ಬೇಕಾದಷ್ಟಕ್ಕೆ ಸುಡುಮಣ್ಣು ಮಾಡಿ, ಉಳಿದ ದರಕನ್ನು ಹಿಂದಿನವರಂತೆ ಕೊಟ್ಟಿಗೆಗೋ ಗೊಬ್ಬರಗುಂಡಿಗೋ ತೋಟದ ಬುಡಕ್ಕೋ ಹಾಕುವುದು ಲಾಭದ ದಾರಿ. ಕೊಟ್ಟಿಗೆಯಲ್ಲಿ ದನವೇ ಇಲ್ಲದ ಮನೆಗಳು ಹೆಚ್ಚಾಗಿರುವುದೇ ಅಂಗಳದ ಬೆಂಕಿ ಹೆಚ್ಚಾಗಲು ನಿಜವಾದ ಕಾರಣ. ದರಕಿಗೆ ಹೋಗಲು ಜಾಗವೇ ಇಲ್ಲವಾಗಿದೆ. ಅಂಥವರಿಗೆ ಎರೆಹುಳು ಉತ್ತಮ ದನ. ತೆಂಗಿನ ಗರಿಯಂಥ ಗಟ್ಟಿ ವಸ್ತುವನ್ನೂ ಎರೆಗೊಬ್ಬರವಾಗಿ ಮಾಡುವ ವಿಧಾನವನ್ನು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿಕೊಟ್ಟಿದೆ.

ಈಗ ನಾವು ಮುಖ್ಯವೆಂದು ತಿಳಿದಿರುವ ಬೆಂಕಿಗೆ ಬರೋಣ. ಅದು ಬಯಲಿನಲ್ಲಿ ಇಲ್ಲ, ನಮ್ಮ ಬಚ್ಚಲಿನ ಒಲೆಯಲ್ಲಿದೆ. ಮಳೆಗಾಲದ ಬೆಳಗಿನಲ್ಲಿ ಸೌದೆ ಹಸಿಯಾಗಿರುತ್ತದೆ. ಹಂಡೆಯ ನೀರು ಕಾಯಬೇಕು, ಮಕ್ಕಳು ಶಾಲೆಯ ಬಸ್ಸಿಗೆ ಹೋಗಬೇಕು. ಆಗ ಮನೆಯಾಕೆಯ ಕೈ ಹಾಲಿನ ಪೊಟ್ಟಣಕ್ಕೋ ಬಿಸ್ಕತ್ತಿನ ಹೊದಿಕೆಗೋ ಹರಿದ ಚಪ್ಪಲಿಗೋ ಹೋಗುತ್ತದೆ. ಒಂದು ಕಡ್ಡಿ ಗೀರಿದರೆ ಭಗ್ಗೆಂದು ಉರಿಯುತ್ತದೆ. ಸೀಮೆಎಣ್ಣೆ ಪಡಿತರದಲ್ಲಿ ಸಿಗದಂತಾದ ಮೇಲೆ ಈ ಅಭ್ಯಾಸ ಇನ್ನೂ ಬೇರೂರಿದೆ. ಬಯಲಿನ ಬೆಂಕಿಯ ಕುರಿತ ಯಾವ ನಿಯಮದ ಕಣ್ಣಿಗೂ ಇದು ಬೀಳುವುದಿಲ್ಲ, ಏಕೆಂದರೆ ಇದು ಮಾಡಿನ ಕೆಳಗೆ ನಡೆಯುವ ಕಾರ್ಯ. ನಮ್ಮ ದೃಷ್ಟಿಯಲ್ಲಿ ಅಂಗಳದ ಹತ್ತು ಗುಡ್ಡೆ ದರಕಿಗಿಂತ ಈ ಒಂದು ಹಿಡಿ ಪ್ಲಾಸ್ಟಿಕ್ ಕೆಟ್ಟದ್ದು.

ಕ್ಲೋರೀನ್ ಸೇರಿದ ಪ್ಲಾಸ್ಟಿಕ್, ಅಂದರೆ ಪಿವಿಸಿಯ ಪೈಪು, ಚಪ್ಪಲಿ, ತಂತಿಯ ಹೊದಿಕೆ ಇಂಥವು, ಕಡಿಮೆ ಶಾಖದಲ್ಲಿ ಅರೆಬರೆ ಉರಿದಾಗ ಡಯಾಕ್ಸಿನ್ ಎಂಬ ವಿಷಗಳು ಹುಟ್ಟುತ್ತವೆ. ಅವುಗಳಲ್ಲಿ ಅತ್ಯಂತ ಉಗ್ರವಾದುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1997ರಲ್ಲಿ ಮನುಷ್ಯನಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಬಯಲಿನಲ್ಲಿ ಕಸ ಸುಡುವುದನ್ನು ಈ ವಿಷದ ಮೂಲಗಳಲ್ಲಿ ಒಂದಾಗಿ ಹೆಸರಿಸಿದ 2001ರ ಸ್ಟಾಕ್‌ಹೋಮ್ ಒಪ್ಪಂದವನ್ನು ಭಾರತ 2006ರಲ್ಲಿ ಅಂಗೀಕರಿಸಿದೆ. ಹೊಗೆ ಮೇಲೆ ಹೋಯಿತೆಂದು ನಾವು ತಿಳಿಯುತ್ತೇವೆ. ಆದರೆ ಈ ವಿಷ ಹುಲ್ಲಿನ ಮೇಲೆ ಕೂರುತ್ತದೆ, ಹುಲ್ಲಿನಿಂದ ದನಕ್ಕೆ, ದನದಿಂದ ಹಾಲಿಗೆ ಇಳಿಯುತ್ತದೆ. ಕೊಬ್ಬಿನಲ್ಲಿ ಸೇರಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ. ಒಲೆಯ ಬೂದಿಯನ್ನು ಪಾತ್ರೆ ತಿಕ್ಕಲೂ ಬಸಳೆಯ ಬುಡಕ್ಕೆ ಹಾಕಲೂ ಬಳಸುವ ಮನೆಗಳಲ್ಲಿ ಇದು ಇನ್ನೂ ಹತ್ತಿರದ ಮಾತು. ಮತ್ತು ಈ ಹೊಗೆಯನ್ನು ಮೊದಲು ಸೇವಿಸುವವರು ಯಾರು? ಒಲೆಯ ಮುಂದೆ ಕುಳಿತ ತಾಯಿ, ಹಂಡೆಯ ಪಕ್ಕದಲ್ಲಿ ಚಳಿ ಕಾಯಿಸುವ ಅಜ್ಜ, ಸ್ನಾನಕ್ಕೆ ಕಾದು ನಿಂತ ಮಗು. ಗಂಡಸರು ಅಷ್ಟು ಹೊತ್ತಿಗೆ ಪೇಟೆಯಲ್ಲಿ ಚಹಾ ಕುಡಿಯುತ್ತಿರುತ್ತಾರೆ. 2015ರಲ್ಲಿ ಹೊರಡಿಸಿದ ‘ಲಾವ್ದಾತೊ ಸೀ’ ಎಂಬ ವಿಶ್ವಪರಿಪತ್ರದ ಆರಂಭದಲ್ಲಿಯೇ ದಿವಂಗತ ಜಗದ್ಗುರು ಫ್ರಾನ್ಸಿಸರು ಅಡುಗೆಗೂ ಕಾಯಿಸಲಿಕ್ಕೂ ಬಳಸುವ ಇಂಧನದ ಹೊಗೆಯಿಂದ ಬಡವರು ರೋಗಕ್ಕೀಡಾಗುವುದನ್ನು ಎತ್ತಿ ಹೇಳಿದ್ದಾರೆ. ಅವರ ಮಾತು ದೂರದ ಕಾರ್ಖಾನೆಗಳ ಕುರಿತೇ ಎಂದು ಓದಿಕೊಂಡವರು ಆ ಭಾಗವನ್ನು ಮತ್ತೊಮ್ಮೆ ನೋಡಬೇಕು.

ದಂಡದ ಪ್ರಶ್ನೆ ಉಳಿಯಿತು. 5,000 ರೂಪಾಯಿ ಎಂದರೆ ಕೂಲಿಯ ಕುಟುಂಬಕ್ಕೆ ಎಷ್ಟು ದಿನಗಳ ದುಡಿಮೆಯೆಂಬುದನ್ನು ಲೆಕ್ಕ ಹಾಕಿ ಹೇಳಬೇಕಾಗಿಲ್ಲ. ಅಂಗಳ ಗುಡಿಸಿ ಬೆಂಕಿಯಿಟ್ಟ ವಿಧವೆಯಿಂದ ಅದನ್ನು ವಸೂಲು ಮಾಡುವುದು ಸುಲಭ. ಆದರೆ ಕಸವನ್ನು ಒಯ್ದು ಗುಡ್ಡದ ಹಿಂದೆ ಸುರಿದು, ಬೆಂಕಿ ಹತ್ತಿದಾಗ ಅದು ತಾನಾಗಿಯೇ ಹತ್ತಿತೆನ್ನುವ ಸ್ಥಳೀಯ ಸಂಸ್ಥೆಗಳಿಗೆ ದಂಡ ವಿಧಿಸುವವರು ಯಾರು? ಕೊಚ್ಚಿಯ ಬ್ರಹ್ಮಪುರಂನಲ್ಲಿ 2023ರ ಮಾರ್ಚ್ 2ರಂದು ಕಸದ ಬೆಟ್ಟಕ್ಕೆ ಹತ್ತಿದ ಬೆಂಕಿ ಹತ್ತು ದಿನಗಳಿಗೂ ಮಿಕ್ಕಿ ಹೊಗೆಯುಗುಳಿ ಇಡೀ ನಗರವನ್ನು ಉಸಿರುಗಟ್ಟಿಸಿತು. ಅದೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಕೊಚ್ಚಿ ಮಹಾನಗರಪಾಲಿಕೆಗೆ 100 ಕೋಟಿ ರೂಪಾಯಿ ವಿಧಿಸಿತು. ನಿಯಮದ ಕೈ ಅಷ್ಟು ಮೇಲಕ್ಕೂ ಚಾಚಬಲ್ಲುದು ಎಂಬುದು ಅದರಿಂದ ಸಿದ್ಧವಾಯಿತು. ನಮ್ಮಲ್ಲಿಯೂ ಮೊದಲ ದಂಡ ಪೇಟೆಯ ದೊಡ್ಡ ಅಂಗಡಿಗೆ, ಕಲ್ಯಾಣಮಂಟಪಕ್ಕೆ, ಕಸದ ರಾಶಿಯನ್ನು ಕಾಯದ ಸಂಸ್ಥೆಗೆ ಬೀಳಲಿ. ಆಮೇಲೆ ಹಳ್ಳಿಯ ಅಂಗಳಕ್ಕೆ ಬರಲಿ.

ಇನ್ನೊಂದು ಆಕ್ಷೇಪವನ್ನು ನಾವು ಹಗುರವಾಗಿ ತೆಗೆದುಕೊಳ್ಳಲಾರೆವು. 2000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗಾಗಿ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವಿನ ಕಾಡಿನಲ್ಲಿ ಸಾವಿರಾರು ಮರಗಳಿಗೆ ಕೊಡಲಿ ಬೀಳುವ ಮಾತು ಬಂದಾಗ 2025ರಲ್ಲಿ ಇಲ್ಲಿಯ ಜನ ಜಾತಿಮತ ನೋಡದೆ ವಿರೋಧಿಸಿದರು. ಮರವನ್ನೇ ಕಡಿಯಬಹುದಾದರೆ ಅದರ ಉದುರಿದೆಲೆಯನ್ನು ಸುಡುವುದು ಹೇಗೆ ಅಪರಾಧ ಎಂದು ಆಗ ಕೇಳಿದವರುಂಟು. ಕೇಳಬೇಕಾದ ಪ್ರಶ್ನೆಯೇ. ಆದರೆ ಅದು ಸರ್ಕಾರಕ್ಕೆ ಹಾಕಬೇಕಾದ ಪ್ರಶ್ನೆಯೇ ಹೊರತು ನಮ್ಮ ಬಚ್ಚಲೊಲೆಗೆ ಕೊಡಬಹುದಾದ ಸಮರ್ಥನೆಯಲ್ಲ. ಸಿಂಗಳೀಕದ ಕಾಡಿಗಾಗಿ ಸಭೆಯಲ್ಲಿ ದನಿಯೆತ್ತಿ, ಮನೆಗೆ ಬಂದು ಅದೇ ಕಾಡಿನಂಚಿನಲ್ಲಿ ಕಿಡಿ ಬಿಟ್ಟರೆ ಎದುರಾಳಿಗೆ ನಾವೇ ಉತ್ತರ ಒದಗಿಸಿದಂತೆ.

ನಮ್ಮ ಧರ್ಮಕೇಂದ್ರಗಳ ಆವರಣದ ಮಾತನ್ನು ಬಿಟ್ಟರೆ ಲೇಖನ ಪಕ್ಷಪಾತದ್ದಾದೀತು. ಬೆಂಕಿ ನಮ್ಮ ಪೂಜಾವಿಧಿಯಲ್ಲಿಯೇ ಇದೆ. ಕಳೆದ ವರ್ಷದ ಗರಿಗಳನ್ನು ಸುಟ್ಟು ಬೂದಿ ಬುಧವಾರದ ಬೂದಿಯನ್ನು ಸಿದ್ಧಪಡಿಸುತ್ತೇವೆ. ಪಾಸ್ಖ ಜಾಗರಣೆಯ ರಾತ್ರಿ ದೇವಾಲಯದ ಹೊರಗೆ ಹೊಸ ಬೆಂಕಿಯನ್ನು ಹೊತ್ತಿಸಿ ಆಶೀರ್ವದಿಸುತ್ತೇವೆ. ಇವುಗಳಿಗೆ ಯಾವ ನಿಯಮವೂ ಅಡ್ಡಬರುವುದಿಲ್ಲ, ಅಡ್ಡಬರುತ್ತದೆಂದು ಹೆದರಿಸುವವರ ಮಾತನ್ನು ನಂಬಬೇಕಾಗಿಯೂ ಇಲ್ಲ; ಕಟ್ಟಿಗೆಯೂ ಗರಿಯೂ ಅಲ್ಲಿ ತ್ಯಾಜ್ಯವಲ್ಲ. ಆದರೆ ವಾರ್ಷಿಕ ಹಬ್ಬದ ಮರುದಿನ ಆವರಣದ ಮೂಲೆಯಲ್ಲಿ ಥರ್ಮೊಕೋಲಿನ ಅಲಂಕಾರ, ಲೋಟ, ತಟ್ಟೆ, ಬ್ಯಾನರುಗಳನ್ನು ಒಟ್ಟಿ ಸುಡುವುದು ಪೂಜಾವಿಧಿಯಲ್ಲ. ನವೆಂಬರ್ 2ರ ಮೃತರ ಸ್ಮರಣೆಯ ಮುಂಚೆ ಸ್ಮಶಾನದ ಹುಲ್ಲಿಗೆ ಬೆಂಕಿಯಿಡುವುದು, ಅನಂತರ ಮೇಣದ ಬತ್ತಿಯ ಹೊದಿಕೆ, ಪ್ಲಾಸ್ಟಿಕ್ ಹೂವಿನ ಹಾರಗಳನ್ನು ಅಲ್ಲೇ ಸುಡುವುದು ಇವೂ ಪೂಜಾವಿಧಿಯಲ್ಲ. ತೀರಿದವರ ತಲೆಯ ಮೇಲೆ ಕಪ್ಪು ಹೊಗೆಯೆಬ್ಬಿಸುವುದು ಯಾವ ಬಗೆಯ ಗೌರವವೋ ನಮಗೆ ತಿಳಿಯದು. ಹೂವೇ ಬೇಕಾದರೆ ಅಂಗಳದ ಗೊಂಡೆಹೂವಿದೆ. ಪಟಾಕಿಯ ವಿಷಯಕ್ಕೆ ಒಂದೇ ಮಾತು: 2018ರ ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟು ಕ್ರಿಸ್ಮಸ್ ಮತ್ತು ಹೊಸವರ್ಷದ ರಾತ್ರಿಗಳಿಗೆ 11.55ರಿಂದ 12.30ರವರೆಗೆ ಎಂದು ಸಮಯವನ್ನು ಗೊತ್ತುಮಾಡಿತು. ಮೂವತ್ತೈದು ನಿಮಿಷ ಧಾರಾಳವಾಯಿತು.

ಕೊನೆಯದಾಗಿ, ಗ್ರಾಮಸಭೆ. 1993ರ ಪಂಚಾಯತ್ ರಾಜ್ ಕಾಯ್ದೆ ಅದನ್ನು ನಮಗೆ ಕೊಟ್ಟಿದೆ. ನಮ್ಮವರು ಅಲ್ಲಿಗೆ ಹೋಗುವುದು ಮನೆ ಮಂಜೂರಾತಿಯ ದಿನ ಮಾತ್ರ. ಮುಂದಿನ ಸಭೆಗೆ ಪ್ರತಿ ಕಿರು ಕ್ರೈಸ್ತ ಸಮುದಾಯದಿಂದ ಇಬ್ಬರಾದರೂ, ಅದರಲ್ಲಿ ಒಬ್ಬ ಮಹಿಳೆ, ನೆರೆಯ ಹಿಂದೂ ಮುಸಲ್ಮಾನ ಬಾಂಧವರೊಂದಿಗೆ ಕೂಡಿ ಹೋಗಬೇಕೆಂದು ನಮ್ಮ ವಿನಂತಿ. ಸ್ವಸಹಾಯ ಸಂಘದ ಮಹಿಳೆಯರು ನಡೆಸುವ ‘ಸ್ವಚ್ಛ ವಾಹಿನಿ’ ಗಾಡಿಗಳು ರಾಜ್ಯದ ಅನೇಕ ಪಂಚಾಯತಿಗಳಲ್ಲಿ ಓಡುತ್ತಿವೆ; ಕಾರ್ಕಳದ ನಿಟ್ಟೆಯಲ್ಲಿ ಹಲವು ಪಂಚಾಯತಿಗಳ ಒಣಕಸವನ್ನು ಒಂದೇ ಕಡೆ ವಿಂಗಡಿಸಿ ಮಾರುವ ಘಟಕವಿದೆ. ಹೊನ್ನಾವರ, ಕುಮಟಾ, ಭಟ್ಕಳ ಮೂರು ತಾಲ್ಲೂಕುಗಳ ಹಳ್ಳಿಗಳಿಗೆ ಸೇರಿ ಅಂಥದೊಂದು ಏಕೆ ಆಗಬಾರದೆಂದು ಕೇಳೋಣ. ಗಾಡಿ ಹೆದ್ದಾರಿಯ ಬದಿಯ ಮನೆಗಳಿಗೆ ಬಂದು ಹಿಂತಿರುಗದೆ ಹೊಳೆಯಾಚೆಯ ಕೇರಿಗಳಿಗೂ ಗುಡ್ಡದ ಮೇಲಿನ ಒಂಟಿಮನೆಗಳಿಗೂ ತಿಂಗಳಿಗೆ ಎರಡು ಸಲವಾದರೂ, ಮೊದಲೇ ತಿಳಿಸಿದ ದಿನದಂದು, ಬರಬೇಕೆಂದು ಕೇಳೋಣ. ಬೇಸಿಗೆಯಲ್ಲಿ ಬೆಟ್ಟದ ಕಸ ಸುಡಲೇಬೇಕಾದವರು ಬೆಳಗಿನ ಇಬ್ಬನಿ ಆರುವ ಮುನ್ನ, ನೆರೆಯವರಿಗೂ ಅರಣ್ಯದವರಿಗೂ ಹೇಳಿ, ಸುತ್ತ ಮೂರು ಮಾರು ನೆಲ ಕೆರೆದು, ನೀರಿಟ್ಟುಕೊಂಡು ಸುಡಬೇಕೆಂಬ ಕಟ್ಟಳೆಯನ್ನು ಪಂಚಾಯತಿಯೇ ಬರೆಯಲಿ. ನಮ್ಮೂರಿನ ಮಳೆ, ಗಾಳಿ, ಗುಡ್ಡಗಳನ್ನು ಬಲ್ಲವರು ಬರೆದ ಕಟ್ಟಳೆಯನ್ನು ಮುರಿಯುವುದು ಅಷ್ಟು ಸುಲಭವಾಗದು. ಅಲ್ಲಿಯವರೆಗೆ ಮನೆಯ ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ ಒಂದು ಗೋಣಿಚೀಲದಲ್ಲಿ ತುಂಬಿಡಬಹುದು. ಬಚ್ಚಲೊಲೆ ಹೊತ್ತಿಸಲು ತೆಂಗಿನ ಗರಿಯ ಸೂಡಿಯೂ ಒಣಗಿದ ಅಡಿಕೆ ಸಿಪ್ಪೆಯೂ ಸಾಕು. ಮಳೆಗಾಲಕ್ಕೆ ಬೇಕಾದಷ್ಟನ್ನು ಮೇ ತಿಂಗಳಲ್ಲಿಯೇ ಅಟ್ಟದ ಮೇಲೆ ಏರಿಸಿಡಬೇಕು.